ಮಗುವಿನ ಹೆಸರಲ್ಲಿ ನಿಲ್ಲದ ಜಗಳ: ಕೋರ್ಟು, ವಕೀಲರು, ಕೌನ್ಸೆಲರ್‌ಗಳು ಏನು ಮಾಡಬಹುದು

(ಕುಟುಂಬ ಕಾನೂನಿನ ಕೆಲಸಕ್ಕೆ ಹೊಸದಾಗಿ ಬಂದ ವಕೀಲರು ಮತ್ತು ಕೌನ್ಸೆಲರ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇರೆಯಾಗುವ ಗಂಡ ಹೆಂಡತಿಯರಲ್ಲಿ ಹೆಚ್ಚಿನವರು ಮಕ್ಕಳ ವಿಚಾರವನ್ನು ತಾವೇ ಬಗೆಹರಿಸಿಕೊಳ್ಳುತ್ತಾರೆ. ಸಿಟ್ಟು ಇರುತ್ತದೆ, ಅಳು ಇರುತ್ತದೆ, ಒಂದೆರಡು ವರ್ಷ ಕಷ್ಟವೂ ಇರುತ್ತದೆ. ಆಮೇಲೆ ಹೇಗೋ ಒಂದು ಹದಕ್ಕೆ ಬರುತ್ತದೆ. ನಾನು ಇವತ್ತು ಮಾತಾಡುವುದು ಅವರ ಬಗ್ಗೆ ಅಲ್ಲ. ಉಳಿದ ಸಣ್ಣ ಗುಂಪಿನ ಬಗ್ಗೆ. ವಿಚ್ಛೇದನ ಆಗಿರುತ್ತದೆ, ಆಸ್ತಿಯ ಲೆಕ್ಕ ಮುಗಿದಿರುತ್ತದೆ, ಮಗು ಯಾರ ಬಳಿ ಇರಬೇಕು ಅನ್ನುವ ಕಸ್ಟಡಿ ಆದೇಶವೂ ಬಂದಿರುತ್ತದೆ. ಆದರೂ ಮತ್ತೊಂದು ಅರ್ಜಿ ಬರುತ್ತದೆ. ಅದಕ್ಕೊಂದು ತಕರಾರು, ಆ ತಕರಾರಿಗೆ ಮತ್ತೊಂದು ಅಫಿಡವಿಟ್. ಎಲ್ಲ ದೇಶದ ಫ್ಯಾಮಿಲಿ ಕೋರ್ಟುಗಳಲ್ಲೂ ಇಂಥವರು ಇದ್ದಾರೆ. ಸಂಖ್ಯೆಯಲ್ಲಿ ಕಡಿಮೆ, ಕೋರ್ಟಿನ ಸಮಯ ತೆಗೆದುಕೊಳ್ಳುವುದರಲ್ಲಿ ಜಾಸ್ತಿ.

ಇಂಥ ಒಂದು ಫೈಲ್ ತೆರೆದರೆ ಏನೇನಿರುತ್ತದೆ ನೋಡಿ. ಹೇಳದೆ ಕೇಳದೆ ಮಗಳ ಕೂದಲು ಕತ್ತರಿಸಿದ್ದಕ್ಕೆ ಒಂದು ಅರ್ಜಿ. ಪಾಸ್‌ಪೋರ್ಟ್ ಫಾರಂಗೆ ಸಹಿ ಹಾಕದ್ದಕ್ಕೆ ಒಂದು. ಹದಿನೈದು ನಿಮಿಷ ತಡವಾಗಿ ವಾಪಸ್ ಬಿಟ್ಟದ್ದಕ್ಕೆ ಇನ್ನೊಂದು. ಹೊಸ ಶೂ ಆ ಮನೆಯಲ್ಲೇ ಉಳಿದುಹೋಯಿತು ಅನ್ನುವ ವಿಷಯಕ್ಕೆ ಅಫಿಡವಿಟ್‌ನಲ್ಲಿ ಪೂರಾ ಒಂದು ಪುಟ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಒಂದು ಜೊತೆ ಶೂಗೋಸ್ಕರ ಕೋರ್ಟಿಗೆ ಬರ್ತಾರಾ ಅಂತ ಕೇಳುತ್ತಾರೆ. ಬರುತ್ತಾರೆ. ಶೂ ಬರೀ ನೆಪ. ಮಗು ನನ್ನ ಕೈತಪ್ಪಿ ಹೋಗಿಬಿಡುತ್ತದಾ, ನಾನು ಕೆಟ್ಟ ಅಪ್ಪ ಅಂತ ಯಾರೋ ಬರೆದುಬಿಡುತ್ತಾರಾ, ಇಷ್ಟು ವರ್ಷ ನಾನು ಮಾಡಿದ್ದಕ್ಕೆ ಲೆಕ್ಕವೇ ಇಲ್ಲವಾ ಅನ್ನುವ ಹೆದರಿಕೆ, ಅವಮಾನ ಅದರ ಹಿಂದೆ ಇರುತ್ತದೆ. ಆ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇವತ್ತು ನಾನು ಹೇಳಬೇಕಾದದ್ದು ಇಷ್ಟು. ಇಂಥ ಪ್ರಕರಣದಲ್ಲಿ ಯಾರು ಒಳ್ಳೆಯವರು ಅಂತ ತೀರ್ಪು ಕೊಟ್ಟರೆ ಜಗಳ ನಿಲ್ಲುವುದಿಲ್ಲ. ಸೋತವರು ಮತ್ತೆ ಬರುತ್ತಾರೆ, ಗೆದ್ದವರು ಆ ತೀರ್ಪನ್ನು ಮುಂದಿನ ಜಗಳಕ್ಕೆ ಬಳಸುತ್ತಾರೆ. ಇಬ್ಬರೂ ಪರಸ್ಪರ ಮುಖಾಮುಖಿಯಾಗುವ, ಹೊಸದಾಗಿ ಒಪ್ಪಂದಕ್ಕೆ ಬರಬೇಕಾಗುವ ಸಂದರ್ಭಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಹೋಗುವುದೇ ನಮ್ಮ ಕೆಲಸ. ಅದು ಸಣ್ಣ ಸಣ್ಣ ವಿವರಗಳ ಕೆಲಸ, ಬೇಜಾರು ಹಿಡಿಸುವ ಕೆಲಸ. ಆದರೆ ಮಗುವಿಗೆ ಉಪಯೋಗವಾಗುವುದು ಅದೇ.

ಕಾನೂನು ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮಕ್ಕಳು ಅಂದರೆ ತಂದೆಯ ಹಕ್ಕು, ಅಷ್ಟೇ. ಲೇಖಕಿ ಕ್ಯಾರೊಲೈನ್ ನಾರ್ಟನ್ ಅವರ ಮೂವರು ಗಂಡುಮಕ್ಕಳನ್ನು ಗಂಡ 1836ರಲ್ಲಿ ಅವರಿಂದ ದೂರ ಮಾಡಿದ. ಆಕೆ ಸುಮ್ಮನೆ ಕೂರಲಿಲ್ಲ. ಪಟ್ಟು ಹಿಡಿದು ಬರೆದರು, ಸಂಸತ್ ಸದಸ್ಯರ ಬೆನ್ನು ಬಿದ್ದರು. 1839ರಲ್ಲಿ ಬಂದ ಕಾಯ್ದೆಯಿಂದ ಏಳು ವರ್ಷದೊಳಗಿನ ಮಕ್ಕಳ ಕಸ್ಟಡಿ ಕೇಳಿ ತಾಯಿಯೂ ಅರ್ಜಿ ಹಾಕಬಹುದು ಅಂತಾಯಿತು. ಮುಂದೆ, ಚಿಕ್ಕ ಮಕ್ಕಳು ತಾಯಿಯ ಬಳಿಯೇ ಇರಬೇಕು ಅನ್ನುವ ನಂಬಿಕೆ ಅನೇಕ ದೇಶಗಳ ಕೋರ್ಟುಗಳಲ್ಲಿ ಬಲವಾಯಿತು. ಆಮೇಲೆ ಅದೂ ಬದಲಾಯಿತು. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೂರನೇ ವಿಧಿ ಮಗುವಿನ ಹಿತಕ್ಕೆ ಮುಖ್ಯ ಸ್ಥಾನ ಕೊಡುತ್ತದೆ. ಮಗುವಿನ ಹಿತಕ್ಕೆ ವಿರುದ್ಧ ಅಲ್ಲದಿದ್ದರೆ, ಬೇರೆಯಾದ ತಂದೆ ತಾಯಿ ಇಬ್ಬರ ಜೊತೆಗೂ ಸಂಪರ್ಕ ಇಟ್ಟುಕೊಳ್ಳುವ ಹಕ್ಕು ಮಗುವಿಗಿದೆ ಅಂತ ಒಂಬತ್ತನೇ ವಿಧಿ ಹೇಳುತ್ತದೆ. ಗಮನಿಸಿ, ಹಕ್ಕು ಮಗುವಿನದು.

ಇದು ಒಳ್ಳೆಯ ಬದಲಾವಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದರಿಂದ ಒಂದು ತೊಂದರೆಯೂ ಆಗಿದೆ. ಮಗುವಿನ ಹಿತ ಅನ್ನುವುದು ಬಹಳ ಅಗಲವಾದ ಪ್ರಶ್ನೆ. ಹಿತಕ್ಕೆ ಸಂಬಂಧ ಇಲ್ಲ ಅನ್ನುವಂಥ ವಿಷಯ ಯಾವುದಿದೆ ಹೇಳಿ? ಆಕೆಯ ಹೊಸ ಸ್ನೇಹಿತ, ಆತನ ಹಳೇ ಸಾಲ, ಹತ್ತು ವರ್ಷದ ಹಿಂದಿನ ಒಂದು ಫೋಟೋ, ಅತ್ತೆಯ ನಾಲಿಗೆ, ಮಾವನ ಕುಡಿತ, ಎಲ್ಲವೂ ಸಾಕ್ಷ್ಯ ಆಗಿಬಿಡುತ್ತದೆ. ಬದುಕಿನ ಮೂಲೆ ಮೂಲೆಯನ್ನೂ ಕೆದಕಿ ಅಫಿಡವಿಟ್‌ಗೆ ತುಂಬುತ್ತಾರೆ. ಆ ಕಾಗದವನ್ನು ಒಂದು ಸಲ ಓದಿದವರು ಮತ್ತೆ ಮುಖ ಕೊಟ್ಟು ಮಾತಾಡುವುದು ಕಷ್ಟ. ಅಂದರೆ ಜಗಳ ಬಿಡಿಸಬೇಕಾದ ಪ್ರಕ್ರಿಯೆಯೇ ಜಗಳಕ್ಕೆ ತುಪ್ಪ ಸುರಿಯುತ್ತದೆ. ನಾವು ವಕೀಲರು ಈ ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಈಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗೆ ಬರೋಣ. ಇದು ಜಗಳವಾ, ಭಯವಾ?

ಇಬ್ಬರೂ ಕೂಗಾಡುತ್ತಾರೆ, ಇಬ್ಬರೂ ದೂರು ಕೊಡುತ್ತಾರೆ ಅಂದ ತಕ್ಷಣ "ಇಬ್ಬರದೂ ತಪ್ಪು, ಇಬ್ಬರೂ ಸುಧಾರಿಸಿಕೊಳ್ಳಲಿ" ಅಂತ ಹೇಳಿಬಿಡುವುದು ಸುಲಭ. ಎಷ್ಟೋ ಸಲ ಜಗಳ ಮಾಡುತ್ತಿರುವುದು ಒಬ್ಬರು ಮಾತ್ರ. ಇನ್ನೊಬ್ಬರು ತಪ್ಪಿಸಿಕೊಳ್ಳಲು, ಮಗುವನ್ನು ಕಾಪಾಡಲು ಒದ್ದಾಡುತ್ತಿರುತ್ತಾರೆ. ಹೊಡೆತದ ಗುರುತು ಇರಲೇಬೇಕು ಅಂತಿಲ್ಲ. ಫೋನ್ ಪರೀಕ್ಷೆ ಮಾಡುವುದು, ಹಣ ಕೈಗೆ ಕೊಡದಿರುವುದು, ಸ್ನೇಹಿತರಿಂದ ಬೇರ್ಪಡಿಸುವುದು, ಎಲ್ಲಿ ಹೋದರೂ ಹಿಂಬಾಲಿಸುವುದು, "ಮಗುವನ್ನು ಇನ್ನು ನೋಡಲ್ಲ ನೀನು" ಅಂತ ಬೆದರಿಸುವುದು. ಇವೆಲ್ಲ ಸೇರಿ ಒಬ್ಬ ಮನುಷ್ಯನ ಉಸಿರು ಕಟ್ಟಿಸುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾಯ್ದೆ ಇಂಥ ನಿಯಂತ್ರಣವನ್ನೇ ಅಪರಾಧ ಮಾಡಿತು. ಕೆನಡಾದಲ್ಲಿ 2021ರ ಮಾರ್ಚ್‌ನಿಂದ ಜಾರಿಗೆ ಬಂದ ವಿಚ್ಛೇದನ ಕಾಯ್ದೆಯ ತಿದ್ದುಪಡಿ ಕೌಟುಂಬಿಕ ಹಿಂಸೆಯ ವ್ಯಾಖ್ಯೆಯಲ್ಲಿ ಇದನ್ನು ಸೇರಿಸಿತು. ಮಗು ಅದನ್ನು ನೋಡಿದರೂ ಕೇಳಿದರೂ ಮಗುವಿನ ಮೇಲೂ ಹಿಂಸೆ ಆದಂತೆಯೇ ಅಂತ ಅಲ್ಲಿನ ಕಾನೂನು ಪರಿಗಣಿಸುತ್ತದೆ.

ಹಾಗಾಗಿ ಕಕ್ಷಿದಾರರ ಜೊತೆ ಮೊದಲ ಭೇಟಿಯಲ್ಲೇ, ಅವರೊಬ್ಬರೇ ಇರುವಾಗ, ನಿಧಾನವಾಗಿ ಕೇಳಿ. "ನಿಮಗೆ ಹೊಡೀತಾರಾ" ಅಂತ ಶುರು ಮಾಡಿದರೆ ಅನೇಕರು ಇಲ್ಲ ಅನ್ನುತ್ತಾರೆ. "ಅವರಿಗೆ ಇಷ್ಟ ಇಲ್ಲದ ಕೆಲಸ ನೀವು ಮಾಡಿದರೆ ಏನಾಗುತ್ತದೆ?" ಅಂತ ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಬರುವ ಮೌನವನ್ನೂ ಗಮನಿಸಿ. ಭಯ ಇರುವ ಕಡೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಧ್ಯಸ್ಥಿಕೆ ಮಾಡಬಾರದು. ಅಲ್ಲಿ ಬರುವ ಒಪ್ಪಿಗೆ ಒಪ್ಪಿಗೆಯಲ್ಲ. ಮೊದಲು ರಕ್ಷಣೆ, ಬೇಕಿದ್ದರೆ ಮೂರನೆಯವರ ಕಣ್ಣೆದುರೇ ಭೇಟಿ, ಇಲ್ಲವೇ ಸದ್ಯಕ್ಕೆ ಭೇಟಿಯೇ ಬೇಡ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಈ ಜರಡಿಯಲ್ಲಿ ಸೋಸಿದ ಮೇಲೆ ಉಳಿಯುವ ಪ್ರಕರಣಗಳಿಗೆ ಅಂತ ತಿಳಿದುಕೊಳ್ಳಿ. ಹಿಂಸೆ ಇರುವ ಮನೆಗೆ ಸಹಕಾರದ ಪಾಠ ಹೇಳುವುದು ಅನ್ಯಾಯ. ಅದನ್ನು ನಾನು ಕಟುವಾಗಿಯೇ ಹೇಳುತ್ತೇನೆ.

ಎರಡನೆಯದು ಸಮಯ. ಕಸ್ಟಡಿ ಪ್ರಕರಣದಲ್ಲಿ ವಾಯಿದೆ ಅನ್ನುವುದು ನಿರಪಾಯಕಾರಿ ಅಲ್ಲ. ಮಗು ಈಗ ಯಾರ ಬಳಿ ಇದೆಯೋ ಅವರಿಗೆ ಪ್ರತಿ ವಾಯಿದೆಯೂ ಲಾಭ. ಎರಡು ವರ್ಷ ಎಳೆದರೆ "ಮಗು ಇಲ್ಲಿಗೆ ಹೊಂದಿಕೊಂಡಿದೆ, ಈಗ ಅಲುಗಾಡಿಸಬೇಡಿ" ಅಂತ ಹೇಳಬಹುದು. ಕೋರ್ಟು ಕೂಡ ಆ ಮಾತನ್ನು ಕೇಳಲೇಬೇಕಾಗುತ್ತದೆ, ಯಾಕೆಂದರೆ ಅದು ಅಷ್ಟರಲ್ಲಿ ನಿಜ ಆಗಿರುತ್ತದೆ. ದೊಡ್ಡವರಿಗೆ ಒಂದು ವರ್ಷ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಮೂರು ವರ್ಷದ ಮಗುವಿಗೆ ಅದು ಬದುಕಿನ ಮೂರನೇ ಒಂದು ಭಾಗ. ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆ ಮೊದಲ ಸೆಕ್ಷನ್‌ನಲ್ಲೇ, ತಡ ಮಾಡಿದರೆ ಮಗುವಿನ ಹಿತಕ್ಕೆ ಧಕ್ಕೆ ಆಗುವ ಸಾಧ್ಯತೆ ಇದೆ ಅನ್ನುವ ತತ್ವವನ್ನು ಇಟ್ಟಿದೆ.

ಇಲ್ಲಿ ಜರ್ಮನಿಯ ಕೋಖೆಮ್ ಅನ್ನುವ ಸಣ್ಣ ಊರಿನ ಕತೆ ಹೇಳಬೇಕು. ಮೋಸೆಲ್ ನದಿಯ ದಡದ ಊರು. 1990ರ ದಶಕದ ಶುರುವಿನಲ್ಲಿ ಅಲ್ಲಿನ ಕುಟುಂಬ ನ್ಯಾಯಾಧೀಶ ಯುರ್ಗೆನ್ ರುಡಾಲ್ಫ್ ಮತ್ತು ಅಲ್ಲಿನ ವಕೀಲರು, ಮಕ್ಕಳ ಕಲ್ಯಾಣ ಇಲಾಖೆಯವರು, ಕೌನ್ಸೆಲರ್‌ಗಳು, ತಜ್ಞರು ಎಲ್ಲ ಒಟ್ಟಿಗೆ ಕೂತು ಒಂದು ಪದ್ಧತಿ ಮಾಡಿಕೊಂಡರು. ವಕೀಲರು ಬರೆಯುವ ಅರ್ಜಿ ಚಿಕ್ಕದಾಗಿರಬೇಕು, ಎದುರಿನವರ ಮೇಲೆ ಕೆಸರೆರಚುವ ಮಾತು ಇರಬಾರದು. ಎರಡೇ ವಾರದಲ್ಲಿ ಮೊದಲ ವಿಚಾರಣೆ. ಕಲ್ಯಾಣ ಇಲಾಖೆಯವರು ಉದ್ದನೆ ವರದಿ ಬರೆಯುವ ಬದಲು ಅಷ್ಟರೊಳಗೆ ಮನೆಯವರನ್ನು ಮಾತಾಡಿಸಿ, ಕೋರ್ಟಿಗೆ ಬಂದು ಬಾಯಲ್ಲೇ ಹೇಳಬೇಕು. ಅವತ್ತು ಒಪ್ಪಂದ ಆಗದಿದ್ದರೆ ತಂದೆ ತಾಯಿ ನೇರವಾಗಿ ಕೌನ್ಸೆಲಿಂಗ್‌ಗೆ ಹೋಗಬೇಕು. ಬೇರೆ ಬೇರೆ ಬಾಗಿಲು ತಟ್ಟಿದರೂ ಅವರಿಗೆ ಕೇಳಿಸುತ್ತಿದ್ದದ್ದು ಒಂದೇ ಮಾತು: ನೀವಿಬ್ಬರೂ ಮಗುವಿಗಾಗಿ ದಾರಿ ಹುಡುಕಲೇಬೇಕು. ಒಬ್ಬ ವಕೀಲ ಒಪ್ಪದಿದ್ದರೆ ಇನ್ನೊಬ್ಬನ ಹತ್ತಿರ ಹೋಗಿ ಬೆಂಕಿ ಹಚ್ಚಿಸಿಕೊಳ್ಳೋಣ ಅನ್ನುವ ದಾರಿ ಅಲ್ಲಿ ಮುಚ್ಚಿತ್ತು. ಹಿಂಸೆ ಇರುವ ಮನೆಗಳಿಗೆ ಈ ಪದ್ಧತಿ ಹೊಂದುವುದಿಲ್ಲ ಅನ್ನುವ ಟೀಕೆ ಇದೆ, ಅದು ಸರಿಯಾದ ಟೀಕೆಯೇ. ಆದರೆ ಬೇಗ ಕರೆಯಬೇಕು ಅನ್ನುವ ಪಾಠ ಉಳಿಯಿತು. 2009ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಜರ್ಮನಿಯ ಕುಟುಂಬ ಪ್ರಕ್ರಿಯಾ ಕಾಯ್ದೆಯ ಪ್ರಕಾರ, ಮಗು ಎಲ್ಲಿರಬೇಕು, ಯಾರನ್ನು ಭೇಟಿಯಾಗಬೇಕು ಅನ್ನುವ ಪ್ರಕರಣಗಳಲ್ಲಿ ಒಂದು ತಿಂಗಳೊಳಗೆ ವಿಚಾರಣೆ ಇಡಬೇಕು.

ಇನ್ನು ಆದೇಶದ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕೈಯಲ್ಲಿ ನಿಜವಾಗಿ ಇರುವುದು ಇದೇ.

"ತಂದೆಗೆ ಮಗುವನ್ನು ಭೇಟಿಯಾಗಲು ಸೂಕ್ತ ಅವಕಾಶ ಕೊಡತಕ್ಕದ್ದು." ಇಂಥ ಒಂದು ಸಾಲಿನ ಆದೇಶ ನೋಡಲು ಚೆನ್ನಾಗಿದೆ. ಹೊಂದಿಕೊಂಡು ಹೋಗುವವರಿಗೆ ಅಷ್ಟು ಸಾಕು. ಜಗಳ ಬಿಡದವರಿಗೆ ಇದು ಪ್ರತಿ ವಾರದ ಹೊಸ ಯುದ್ಧ. ಸೂಕ್ತ ಅಂದರೆ ಎಷ್ಟು? ಯಾವ ವಾರ? ಯಾರು ಬಂದು ಕರೆದುಕೊಂಡು ಹೋಗಬೇಕು? ಬಾಗಿಲಲ್ಲಿ ನಿಂತು ಇದನ್ನೆಲ್ಲ ತೀರ್ಮಾನಿಸುವುದು ಯಾರು? ಆ ಬಾಗಿಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಕೆ ಒಳಗೆ, ಆತ ಹೊರಗೆ. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಆರು ವರ್ಷದ ಮಗು ಮಧ್ಯ. "ಇವತ್ತು ಐದಕ್ಕೇ ಬಿಡಬೇಕು." "ಕಳೆದ ವಾರ ಆರು ಅಂದಿದ್ದೆ." "ನಾನು ಯಾವಾಗ ಹೇಳಿದೆ?" ಮಗು ಬ್ಯಾಗಿನ ಜಿಪ್ಪನ್ನು ಎಳೆಯುತ್ತದೆ, ಹಾಕುತ್ತದೆ, ಎಳೆಯುತ್ತದೆ. ಅದಕ್ಕೆ ಅರ್ಥವಾಗುವುದು ಒಂದೇ. ನನ್ನಿಂದ ಇದು ಆಗುತ್ತಿದೆ. ಮಕ್ಕಳ ಮೇಲೆ ಪರಿಣಾಮದ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿದವರು ಹೇಳುವುದೂ ಹೀಗೇ. ತಂದೆ ತಾಯಿ ಬೇರೆಯಾದದ್ದಕ್ಕಿಂತ, ಮತ್ತೆ ಮತ್ತೆ ನಡೆಯುವ, ತೀವ್ರವಾದ, ಬಗೆಹರಿಯದ ಮತ್ತು ಮಗುವಿನ ಬಗ್ಗೆಯೇ ಇರುವ ಜಗಳ ಜಾಸ್ತಿ ಹಾನಿ ಮಾಡುತ್ತದೆ.

ಈಗ ಅದೇ ಆದೇಶವನ್ನು ಹೀಗೆ ಬರೆಯಿರಿ. ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಶುಕ್ರವಾರ ಶಾಲೆ ಬಿಟ್ಟ ಕೂಡಲೇ ತಂದೆ ಶಾಲೆಯಿಂದಲೇ ಮಗುವನ್ನು ಕರೆದುಕೊಂಡು ಹೋಗಬೇಕು, ಸೋಮವಾರ ಬೆಳಿಗ್ಗೆ ಶಾಲೆಗೇ ಬಿಡಬೇಕು. ಶುಕ್ರವಾರ ರಜೆ ಇದ್ದರೆ ಸಂಜೆ 4 ಗಂಟೆಗೆ, ಇಂಥ ಜಾಗದಲ್ಲಿ. ಇಪ್ಪತ್ತು ನಿಮಿಷ ಕಾದರೂ ಬರದಿದ್ದರೆ ಆ ವಾರದ ಭೇಟಿ ರದ್ದು. ಮಗುವಿಗೆ ಹುಷಾರಿಲ್ಲದಿದ್ದರೆ ವೈದ್ಯರ ಚೀಟಿಯ ಫೋಟೋ ಕಳಿಸಬೇಕು, ತಪ್ಪಿದ ವಾರಾಂತ್ಯವನ್ನು ಮುಂದಿನ ವಾರ ಕೊಡಬೇಕು. ಬೇಸಿಗೆ ರಜೆಯ ಮೊದಲ ಅರ್ಧ ಸಮ ಸಂಖ್ಯೆಯ ವರ್ಷಗಳಲ್ಲಿ ತಾಯಿಗೆ, ಬೆಸ ಸಂಖ್ಯೆಯ ವರ್ಷಗಳಲ್ಲಿ ತಂದೆಗೆ. ಹುಟ್ಟುಹಬ್ಬಕ್ಕೆ ಏನು, ಪ್ರವಾಸಕ್ಕೆ ಎಷ್ಟು ದಿನ ಮೊದಲು ತಿಳಿಸಬೇಕು, ಪಾಸ್‌ಪೋರ್ಟ್ ಯಾರ ಬಳಿ, ಕನ್ನಡಕ ಒಡೆದರೆ ದುಡ್ಡು ಯಾರದ್ದು, ಎಲ್ಲವೂ ಇರಲಿ. ಓದಲು ನೀರಸ. ಇರಲಿ ಬಿಡಿ. ಶಾಲೆಯಲ್ಲೇ ಹಸ್ತಾಂತರ ಆಗುವುದರಿಂದ ಇಬ್ಬರೂ ಬಾಗಿಲಲ್ಲಿ ಎದುರಾಗುವುದೇ ಇಲ್ಲ. ಆ ಒಂದು ಸಾಲಿನಿಂದ ಎಷ್ಟು ಜಗಳ ತಪ್ಪುತ್ತದೆ ಅಂತ ಊಹಿಸಿಕೊಳ್ಳಿ.

ಇದನ್ನು ಸಮಾನಾಂತರ ಪಾಲನೆ ಅನ್ನುತ್ತಾರೆ. ಇಬ್ಬರೂ ಕೂತು ಚಹಾ ಕುಡಿಯುತ್ತಾ ಮಗುವಿನ ಭವಿಷ್ಯ ಮಾತಾಡಲಿ ಅಂತ ನಾವು ಆಸೆಪಡುತ್ತೇವೆ. ಆಗದವರಿಗೆ ಅದನ್ನು ಹೇರಿದರೆ ಪ್ರತಿ ಮಾತುಕತೆಯೂ ಗಾಯವಾಗುತ್ತದೆ. ಅದರ ಬದಲು ಆ ಮನೆಯಲ್ಲಿ ಅವರ ಪದ್ಧತಿ, ಈ ಮನೆಯಲ್ಲಿ ಇವರ ಪದ್ಧತಿ. ಮಲಗುವ ಹೊತ್ತು ಅರ್ಧ ಗಂಟೆ ಆಚೀಚೆ ಆದರೆ ಯಾರೂ ಪ್ರಶ್ನೆ ಮಾಡಬಾರದು. ಶಾಲೆ, ಆಪರೇಷನ್‌ನಂಥ ದೊಡ್ಡ ವಿಷಯಗಳಿಗೆ ಮಾತ್ರ, ಯಾರು ತೀರ್ಮಾನಿಸಬೇಕು ಅಂತ ಆದೇಶದಲ್ಲೇ ಬರೆದುಬಿಡುವುದು. ವರ್ಷಗಳು ಕಳೆದಂತೆ ಕೆಲವರು ತಾವಾಗಿಯೇ ಮಾತಿಗೆ ಬರುತ್ತಾರೆ. ಬರದಿದ್ದರೂ ಪರವಾಗಿಲ್ಲ.

ದಿನಗಳನ್ನು ಸರಿಸಮ ಹಂಚಿಬಿಟ್ಟರೆ ಆಯ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಹೊಂದಿಕೊಂಡವರ ಮಧ್ಯೆ, ಮನೆಗಳು ಹತ್ತಿರ ಇದ್ದರೆ ಅದು ಚೆನ್ನಾಗಿ ನಡೆಯಬಹುದು. ಜಗಳ ಜೋರಾಗಿರುವ ಕಡೆ ಹಸ್ತಾಂತರ ಹೆಚ್ಚಿದಷ್ಟೂ ಮಗು ಜಾಸ್ತಿ ಸಲ ಆ ಬೇಲಿ ದಾಟಬೇಕು. ಆಸ್ಟ್ರೇಲಿಯಾದ ಅನುಭವ ಇಲ್ಲಿ ಗಮನಿಸಬೇಕಾದದ್ದು. 2006ರಲ್ಲಿ ಅಲ್ಲಿನ ಕಾನೂನು ಪೋಷಕರ ಜವಾಬ್ದಾರಿ ಸಮಾನ ಅನ್ನುವ ಪೂರ್ವಭಾವನೆ ತಂದಿತು, ಅಂದರೆ ಬೇರೆ ಕಾರಣ ಕಾಣದಿದ್ದರೆ ಕೋರ್ಟು ಹಾಗೆಂದೇ ಇಟ್ಟುಕೊಂಡು ಶುರು ಮಾಡಬೇಕು. ಜವಾಬ್ದಾರಿ ಸಮಾನ ಅಂದದ್ದನ್ನು ಜನ ದಿನಗಳೂ ಸಮಾನ ಅಂತ ಓದಿಕೊಂಡರು, ಅದನ್ನೇ ಹಿಡಿದು ಹಟಕ್ಕೆ ಬಿದ್ದರು. 2023ರ ತಿದ್ದುಪಡಿ ಆ ಪೂರ್ವಭಾವನೆಯನ್ನೇ ತೆಗೆದುಹಾಕಿತು, 2024ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಮಗುವನ್ನು ನೋಡದೆ ಮೊದಲೇ ಲೆಕ್ಕ ಹಾಕಿಟ್ಟ ಯಾವ ಸೂತ್ರವನ್ನೂ ನಾನು ನಂಬುವುದಿಲ್ಲ.

ದೂರದ ಊರಲ್ಲಿರುವವರಿಗೆ ಫೋನ್ ಮುಖ್ಯ. ಭಾರತದ ಸುಪ್ರೀಂ ಕೋರ್ಟ್ 2020ರ ಒಂದು ತೀರ್ಪಿನಲ್ಲಿ, ವಿಶೇಷ ಕಾರಣ ಇಲ್ಲದಿದ್ದರೆ ಕಸ್ಟಡಿ ಸಿಗದ ತಂದೆಗೋ ತಾಯಿಗೋ ದಿನಾ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು ಅಂದಿತು. ವಿಡಿಯೊ ಕರೆ ಸಿಕ್ಕರೆ ಅದೇ ಒಳ್ಳೆಯದು ಅಂತಲೂ ಹೇಳಿತು. ಇದನ್ನೂ ಗಂಟೆ, ನಿಮಿಷ ಹಾಕಿ ಬರೆಯಿರಿ. ಪಕ್ಕದಲ್ಲಿ ನಿಂತು ಯಾರೂ ಹೇಳಿಕೊಡಬಾರದು, ರೆಕಾರ್ಡ್ ಮಾಡಬಾರದು ಅಂತಲೂ ಸೇರಿಸಿ.

ಇನ್ನು ಮೆಸೇಜ್‌ಗಳು. ಈಗಿನ ಜಗಳ ಅರ್ಧಕ್ಕರ್ಧ ನಡೆಯುವುದು ಫೋನಿನಲ್ಲೇ. ಅಮೆರಿಕದಲ್ಲಿ ವಕೀಲರೂ ಥೆರಪಿಸ್ಟೂ ಆಗಿ ಕೆಲಸ ಮಾಡಿದ ಬಿಲ್ ಎಡ್ಡಿ ಇದಕ್ಕೊಂದು ಸುಲಭ ಅಳತೆ ಕೊಟ್ಟಿದ್ದಾರೆ. ಉತ್ತರ ಚಿಕ್ಕದಾಗಿರಲಿ, ಮಾಹಿತಿ ಮಾತ್ರ ಇರಲಿ, ಸ್ನೇಹದ ದನಿ ಇರಲಿ, ಮಾತು ಅಲ್ಲಿಗೆ ಮುಗಿಯುವಂತಿರಲಿ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಆತ ಬರೆಯುತ್ತಾನೆ: "ಮತ್ತೆ ಇನ್‌ಹೇಲರ್ ಕಳಿಸಿಲ್ಲ. ನಿನಗೆ ಮಗು ಮೇಲೆ ಒಂಚೂರೂ ಕಾಳಜಿ ಇಲ್ಲ. ಜಡ್ಜ್ ಮುಂದೆ ಎಲ್ಲಾ ಹೇಳ್ತೀನಿ, ನೋಡ್ತಾ ಇರು." ಆಕೆಯ ಬೆರಳು ತಾನಾಗಿಯೇ ಹೊರಡುತ್ತದೆ: "ರಾತ್ರಿಯೆಲ್ಲ ಎದ್ದು ಕೂತವಳು ನಾನು, ನೀನು ಎಲ್ಲಿದ್ದೆ ಆಗ..." ಅಲ್ಲಿ ನಿಲ್ಲಿಸಿ. ಒಂದು ಗಂಟೆ ಬಿಟ್ಟು ಹೀಗೆ ಬರೆಯಲು ಹೇಳಿ: "ನಮಸ್ತೆ. ಇನ್‌ಹೇಲರ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಇಟ್ಟಿದ್ದೆ. ಸಿಗದಿದ್ದರೆ ತಿಳಿಸಿ, ಆರು ಗಂಟೆಯೊಳಗೆ ಇನ್ನೊಂದು ಕಳಿಸುತ್ತೇನೆ. ಇನ್ನು ಮುಂದೆ ಎರಡೂ ಮನೆಯಲ್ಲಿ ಒಂದೊಂದು ಇರಲಿ, ನಾನೇ ಕೊಂಡು ಕಳಿಸುತ್ತೇನೆ." ಕಾಳಜಿಯ ಬಗ್ಗೆ ವಾದ ಇಲ್ಲ, ಜಡ್ಜ್ ವಿಷಯಕ್ಕೆ ಉತ್ತರವೇ ಇಲ್ಲ. ಇದು ಸೋಲು ಅಂತ ಕಕ್ಷಿದಾರರಿಗೆ ಅನ್ನಿಸುತ್ತದೆ. ನಾಳೆ ನ್ಯಾಯಾಧೀಶರು ಈ ಎರಡು ಮೆಸೇಜ್ ಪಕ್ಕ ಪಕ್ಕ ಇಟ್ಟು ಓದುತ್ತಾರೆ ಅಂತ ಅವರಿಗೆ ನೆನಪಿಸಿ. ಅದಕ್ಕಿಂತ ಮುಖ್ಯ, ಮಗುವಿಗೆ ಇನ್‌ಹೇಲರ್ ಸಿಗುತ್ತದೆ.

ಈಗ ತುಂಬ ಸೂಕ್ಷ್ಮವಾದ ಪ್ರಶ್ನೆ. ಮಗುವೇ "ಹೋಗಲ್ಲ" ಅಂದರೆ?

1985ರಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ ಇದಕ್ಕೆ "ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್" ಅಂತ ಒಂದು ರೋಗದ ಹೆಸರಿಟ್ಟರು. ಒಬ್ಬ ಪೋಷಕರು ಮಗುವಿನ ತಲೆ ಕೆಡಿಸಿ ಇನ್ನೊಬ್ಬರಿಂದ ದೂರ ಮಾಡುತ್ತಾರೆ ಅನ್ನುವುದು ಅವರ ವಾದ. ಆ ಹೆಸರು ಕೋರ್ಟುಗಳಲ್ಲಿ ಬೇಗ ಹರಡಿತು. ಭಾರತದ ಸುಪ್ರೀಂ ಕೋರ್ಟ್ ಕೂಡ 2017ರ ಒಂದು ತೀರ್ಪಿನಲ್ಲಿ ಅದನ್ನು ಚರ್ಚಿಸಿದೆ. ವೈದ್ಯಕೀಯ ಲೋಕ ಮಾತ್ರ ಒಪ್ಪಲಿಲ್ಲ. ಅಮೆರಿಕದ ಮನೋರೋಗಗಳ ಅಧಿಕೃತ ಪಟ್ಟಿಯ 2013ರ ಆವೃತ್ತಿಯಲ್ಲಿ ಅದು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಸೂಚಿಯಲ್ಲಿ "ಪೇರೆಂಟಲ್ ಏಲಿಯನೇಷನ್" ಅನ್ನುವ ಪದವನ್ನು ಸೇರಿಸಿ, 2020ರಲ್ಲಿ ಮತ್ತೆ ತೆಗೆದುಹಾಕಿತು. ಮಹಿಳೆಯರ ಮೇಲಿನ ಹಿಂಸೆಯ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಲೇಮ್ 2023ರ ವರದಿಯಲ್ಲಿ, ಹಿಂಸೆಯ ದೂರು ಕೊಟ್ಟ ತಾಯಂದಿರ ಬಾಯಿ ಮುಚ್ಚಿಸಲು ಈ ವಾದ ಬಳಕೆಯಾಗುತ್ತಿದೆ, ಕುಟುಂಬ ಪ್ರಕರಣಗಳಲ್ಲಿ ಇದನ್ನು ನಿಷೇಧಿಸಬೇಕು ಅಂದರು.

ಹಾಗಂತ ಮಗುವಿನ ಕಿವಿಗೆ ವಿಷ ಹಾಕುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದಾರೆ, ಅದು ಕ್ರೂರವಾದ ಕೆಲಸ. ಆದರೆ ಹೆಸರಿನಿಂದ ಶುರು ಮಾಡಬೇಡಿ. ಜೋನ್ ಕೆಲ್ಲಿ ಮತ್ತು ಜಾನೆಟ್ ಜಾನ್‌ಸ್ಟನ್ ಅನ್ನುವ ಸಂಶೋಧಕರು 2001ರಲ್ಲಿ ಹೇಳಿದ ದಾರಿ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಮಗುವಿನಿಂದ ಶುರು ಮಾಡಿ. ಇದು ಎಳೆ ಮಗುವಿನ ಅಗಲಿಕೆಯ ಭಯವಾ? ಒಬ್ಬರ ಜೊತೆ ಸಹಜವಾಗಿಯೇ ಹೆಚ್ಚು ಒಡನಾಟವಾ? ಜಗಳ ನೋಡಲಾಗದೆ ಒಂದು ಪಕ್ಷ ಸೇರಿಕೊಂಡಿದ್ದಾ? ಆ ಮನೆಯಲ್ಲಿ ನಿಜವಾಗಿ ಪೆಟ್ಟು ತಿಂದದ್ದಕ್ಕೆ ಬಂದ ದೂರವಾ? ಇದ್ಯಾವುದೂ ಅಲ್ಲದೆ, ಕಾರಣಕ್ಕೆ ಮೀರಿದ ದ್ವೇಷವಾ? ಅನೇಕ ಸಲ ಒಂದಕ್ಕಿಂತ ಹೆಚ್ಚು ಕಾರಣ ಸೇರಿರುತ್ತವೆ. ಒಂದೊಂದಕ್ಕೂ ಮದ್ದು ಬೇರೆ.

ಮಗುವಿನ ಮಾತು ಕೇಳುವುದು ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೇ ವಿಧಿಯಲ್ಲೇ ಇದೆ. ಕೇಳಬೇಕು, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ತೂಕ ಕೊಡಬೇಕು. ಅಮ್ಮ ಬೇಕಾ ಅಪ್ಪ ಬೇಕಾ ಅಂತ ಮಾತ್ರ ಕೇಳಬಾರದು. ಅದು ಪ್ರಶ್ನೆಯಲ್ಲ, ಶಿಕ್ಷೆ. ದಿನ ಹೇಗಿರುತ್ತದೆ, ಹೋಂವರ್ಕ್ ಯಾರ ಜೊತೆ ಮಾಡ್ತೀಯ, ಆ ಮನೆಯಲ್ಲಿ ಏನು ಇಷ್ಟ, ಏನು ಬದಲಾದರೆ ಚೆನ್ನಾಗಿರುತ್ತದೆ ಅಂತ ಕೇಳಿ. ತೀರ್ಮಾನ ಮಾಡುವುದು ದೊಡ್ಡವರ ಕೆಲಸ, ನಿನ್ನ ತಲೆ ಮೇಲೆ ಅದು ಇಲ್ಲ ಅಂತ ಮೊದಲೇ ಹೇಳಿ. ಆಮೇಲೆ ತೀರ್ಪನ್ನು ಮಗುವಿಗೆ ಅರ್ಥವಾಗುವ ಹಾಗೆ ಯಾರಾದರೂ ವಿವರಿಸಬೇಕು. ಈ ಕೊನೆಯ ಕೆಲಸವನ್ನು ಬಹುಪಾಲು ಎಲ್ಲರೂ ಮರೆಯುತ್ತೇವೆ.

ಮತ್ತೆ ಮತ್ತೆ ಕೋರ್ಟಿಗೆ ಬರುವವರ ಬಗ್ಗೆ ಎರಡೇ ಮಾತು. ಒಂದು ಕುಟುಂಬದ ಎಲ್ಲ ಅರ್ಜಿಗಳೂ ಒಬ್ಬರೇ ನ್ಯಾಯಾಧೀಶರ ಮುಂದೆ ಬರುವುದು ಒಳ್ಳೆಯದು. ಹಳೇ ಕತೆಯನ್ನು ಹೊಸಬರಿಗೆ ಹೊಸ ಬಣ್ಣ ಹಚ್ಚಿ ಹೇಳಲು ಆಗುವುದಿಲ್ಲ. ಇಂಗ್ಲೆಂಡಿನ 1989ರ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿ, ಕೋರ್ಟಿನ ಅನುಮತಿ ಇಲ್ಲದೆ ಹೊಸ ಅರ್ಜಿ ಹಾಕದಂತೆ ತಡೆಯುವ ಅಧಿಕಾರ ಇದೆ. ಅಮೆರಿಕ, ಕೆನಡಾದ ಹಲವು ಕಡೆ ಪೇರೆಂಟಿಂಗ್ ಕೋಆರ್ಡಿನೇಟರ್ ಅಂತ ಒಬ್ಬರನ್ನು ನೇಮಿಸುತ್ತಾರೆ. ಆದೇಶದೊಳಗಿನ ಸಣ್ಣಪುಟ್ಟ ತಕರಾರನ್ನು ಅವರು ಬಗೆಹರಿಸುತ್ತಾರೆ. ಶೂ ವಿಷಯ ಅವರ ಹತ್ತಿರ ಮುಗಿಯಬೇಕು, ಕೋರ್ಟಿಗೆ ಬರಬಾರದು.

ಪ್ರಶ್ನೆಗಳಿಗೆ ಬರೋಣ.

ಒಬ್ಬ ಯುವ ವಕೀಲೆ ಕೇಳಿದರು: "ಸರ್, ಕಕ್ಷಿದಾರರು ಎಲ್ಲಾ ಬರೀರಿ ಅಂತಾರೆ. ಬರೆಯದಿದ್ದರೆ ಬೇರೆ ವಕೀಲರ ಹತ್ತಿರ ಹೋಗ್ತಾರೆ. ಏನು ಮಾಡೋದು?"

ಹೋಗುವವರು ಹೋಗುತ್ತಾರಮ್ಮ, ಅದನ್ನು ತಡೆಯಲು ಆಗಲ್ಲ. ಆದರೆ ಹೆಚ್ಚಿನವರು ನಿಂತು ಕೇಳುತ್ತಾರೆ. ಅವರು ಹೇಳಿದ ಪ್ರತಿ ಆರೋಪದ ಮುಂದೆ ಒಂದು ಪ್ರಶ್ನೆ ಇಡಿ. ಇದು ನಿಜ ಅಂತಾದರೆ ಮಗುವಿನ ವಾರದಲ್ಲಿ ಯಾವ ಬದಲಾವಣೆ ಆಗಬೇಕು? ಆತ ಕುಡಿದು ಗಾಡಿ ಓಡಿಸುತ್ತಾನೆ ಅಂದರೆ ಉತ್ತರ ಇದೆ, ಮಗುವನ್ನು ಕೂರಿಸಿಕೊಂಡು ಆತ ಗಾಡಿ ಓಡಿಸಬಾರದು. ಅದನ್ನು ಬರೆಯಿರಿ, ಗಟ್ಟಿಯಾಗಿ, ದಿನಾಂಕ ಹಾಕಿ ಬರೆಯಿರಿ. ಮದುವೆಯ ಮೊದಲ ವರ್ಷ ಆತ ನನ್ನ ತವರಿನವರಿಗೆ ಅವಮಾನ ಮಾಡಿದ ಅಂದರೆ ನೋವು ನಿಜ, ಆದರೆ ಮಗುವಿನ ವಾರದಲ್ಲಿ ಬದಲಾಗುವುದು ಏನೂ ಇಲ್ಲ. ಅದಕ್ಕೆ ಜಾಗ ಕೌನ್ಸೆಲರ್ ಕೋಣೆ. ಆ ನೋವನ್ನು ನೀವು ಕೇಳಿಸಿಕೊಳ್ಳಿ, ಹತ್ತು ನಿಮಿಷ ಜಾಸ್ತಿಯೇ ಕೇಳಿಸಿಕೊಳ್ಳಿ. ಕೇಳಿಸಿಕೊಂಡವರ ಹತ್ತಿರ ಜನ ಬಿಟ್ಟುಕೊಡುತ್ತಾರೆ.

ಕೌನ್ಸೆಲರ್ ಒಬ್ಬರ ಪ್ರಶ್ನೆ: "ಶನಿವಾರ ಬೆಳಿಗ್ಗೆ ಫೋನ್ ಬರುತ್ತೆ. ಮಗು ಸೋಫಾ ಹಿಡ್ಕೊಂಡು ಅಳ್ತಿದೆ, ಹೋಗಲ್ಲ ಅಂತಿದೆ. ಆ ಕ್ಷಣಕ್ಕೆ ನಾನು ತಾಯಿಗೆ ಏನು ಹೇಳಲಿ?"

ಮೊದಲು ಕೇಳಿ: ಮಗುವಿಗೆ ಅಲ್ಲಿ ಅಪಾಯ ಇದೆ ಅಂತ ನಿಮಗೆ ಅನ್ನಿಸಲು ಕಾರಣ ಇದೆಯಾ? ಇದೆ ಅಂದರೆ ಕಳಿಸಬೇಡಿ, ಅವತ್ತೇ ವಕೀಲರಿಗೆ ಹೇಳಿ, ಕೋರ್ಟಿನ ಗಮನಕ್ಕೆ ತನ್ನಿ. ಇಲ್ಲ ಅಂದರೆ, ಮಗುವನ್ನು ಎಳೆದು ಕಾರಿಗೆ ಹಾಕಬೇಡಿ. "ನಿನಗಿಷ್ಟ ಇದ್ದರೆ ಹೋಗು" ಅಂತಲೂ ಹೇಳಬೇಡಿ, ಅದು ದೊಡ್ಡವರ ತೀರ್ಮಾನವನ್ನು ಮಗುವಿನ ತಲೆಗೆ ಕಟ್ಟಿದ ಹಾಗೆ. "ಅಪ್ಪನ ಹತ್ತಿರ ಹೋಗೋ ದಿನ ಇವತ್ತು. ಬೇಜಾರಾಗ್ತಿದೆ ಅಂತ ಗೊತ್ತು. ನಾಳೆ ಸಂಜೆ ನಾನು ಇಲ್ಲೇ ಇರ್ತೀನಿ" ಅಂತ ಸಮಾಧಾನದ ದನಿಯಲ್ಲಿ ಹೇಳಲಿ. ತಂದೆಗೆ ಎರಡು ಸಾಲು ಬರೆಯಲಿ, ಬೈಗುಳ ಇಲ್ಲದೆ: ಅಳುತ್ತಿದ್ದಾಳೆ, ಅರ್ಧ ಗಂಟೆ ಕೊಡಿ, ಬಂದ ಮೇಲೆ ಸ್ವಲ್ಪ ಹೊತ್ತು ಹೊರಗೇ ಆಡಿಸಿ. ಆತ ಬಾಗಿಲಲ್ಲಿ ಕೂಗಾಡದೆ ಕಾದರೆ ಎಷ್ಟೋ ಮಕ್ಕಳು ಬೀದಿಯ ತಿರುವು ದಾಟುವಷ್ಟರಲ್ಲಿ ಅಳು ನಿಲ್ಲಿಸುತ್ತವೆ. ನಿಲ್ಲಿಸದ ಮಗು ಏನೋ ಹೇಳುತ್ತಿದೆ. ಸೋಮವಾರ ಆ ಮಗುವನ್ನು ನಿಮ್ಮ ಕೋಣೆಗೆ ಕರೆಸಿ, ಒಂದು ವಾರ ಅಮ್ಮನ ಜೊತೆ ಬರಲಿ, ಮುಂದಿನ ವಾರ ಅಪ್ಪನ ಜೊತೆ ಬರಲಿ. ಎರಡೂ ಸಲ ಒಳಗೆ ಬರುವಾಗ ಮಗು ಹೇಗಿರುತ್ತದೆ ಅಂತ ನೋಡಿ. ವರದಿಯನ್ನು ಆಮೇಲೆ ಬರೆಯಿರಿ.